ಅವನು ತಡವಾಗಿ ಬಂದವನಲ್ಲ

ಅವನು ಬದುಕಿನಲ್ಲಿ ಒಮ್ಮೆಯೂ ಎಲ್ಲಿಗೂ ತಡವಾಗಿ ಹೋದವನಲ್ಲ. ಇದನ್ನು ಮೊದಲ ಸಾಲಿನಲ್ಲೇ ಬರೆದುಬಿಡುತ್ತೇನೆ. ಪೂರ್ತಿ ಓದುವ ಸಹನೆ ಇಲ್ಲದವರು ಇಷ್ಟು ಓದಿ ಎದ್ದು ಹೋದರೂ ನನಗೆ ಸಾಕು.

ಔರಾದ, ಭಾಲ್ಕಿ, ಬೀದರ ಕಡೆ ಈಗ ಯಾರ ಮೊಬೈಲು ನೋಡಿದರೂ ಒಂದು ನಗೆ ಧಾರಾವಾಹಿ ಕಾಣುತ್ತದೆ. ಐವತ್ತು ವರ್ಷದ ಹಿಂದೆ ಔರಾದದಲ್ಲಿ ಹೈಸ್ಕೂಲು ಓದುತ್ತಿದ್ದ ನಾಲ್ಕು ಹುಡುಗರ ಕಥೆ. ಖಾಕಿ ಚಡ್ಡಿ, ಎಣ್ಣೆ ಹಚ್ಚಿದ ತಲೆ, ಒಂದೇ ಸೈಕಲ್ಲಿನ ಮೇಲೆ ನಾಲ್ಕು ಜನ. ಒಬ್ಬ ಜಾಣ, ಒಬ್ಬ ತಿಂಡಿಪೋತ, ಒಬ್ಬ ಹುಡುಗಿಯರನ್ನು ಕಂಡರೆ ಬೆವರುವವನು. ನಾಲ್ಕನೆಯವನು ಎಲ್ಲ ಕಡೆ ತಡವಾಗಿ ಬರುವವನು. ಅವನು ಓಡುತ್ತ ಬಂದು "ಬರ್ಲತ್ತೀನ್ರಿ, ಐದೇ ಮಿನಿಟ್" ಅನ್ನುತ್ತಾನೆ. ಕೂಡಲೇ ಹಿಂದಿನಿಂದ ಮಂದಿ ನಗುವ ಸದ್ದು ಬರುತ್ತದೆ. ಅಲ್ಲಿ ಮಂದಿ ಯಾರೂ ಇರುವುದಿಲ್ಲ, ಆ ನಗೆಯನ್ನು ಕಂಪ್ಯೂಟರಿನಿಂದ ಹಾಕುತ್ತಾರಂತೆ.

ಇದನ್ನು ಮಾಡಿದವಳು ನನ್ನ ತಮ್ಮನ ಮೊಮ್ಮಗಳು. ಬೀದರದಲ್ಲಿ ಓದಿದ ಚುರುಕು ಹುಡುಗಿ, ಅವಳದು ತಪ್ಪಿಲ್ಲ. ಎರಡು ವರ್ಷದ ಹಿಂದೆ ನನ್ನ ಮುಂದೆ ಮೊಬೈಲು ಇಟ್ಟು, "ಮುತ್ಯಾ, ನಿಮ್ಮ ಸಾಲಿ ದಿನದ ಮಜಾ ಮಜಾ ಮಾತ್ ಹೇಳ್ರಿ" ಅಂದಳು. ನಾನು ಹೇಳಿದೆ. ಆ ಧಾರಾವಾಹಿಯ ಜಾಣ ಹುಡುಗ ನಾನು. ತಿಂಡಿಪೋತ ಈಗ ಭಾಲ್ಕಿಯಲ್ಲಿ ಔಷಧಿ ಅಂಗಡಿ ಇಟ್ಟವನು. ಬೆವರುವವನು ಬೀದರದಲ್ಲಿ ಬ್ಯಾಂಕಿನಿಂದ ರಿಟೈರಾದವನು. ಇಬ್ಬರೂ ತಮ್ಮ ಪಾತ್ರ ನೋಡಿ ಹಿಗ್ಗಿ ಮೊಮ್ಮಕ್ಕಳನ್ನು ಕೂರಿಸಿಕೊಂಡು ತೋರಿಸುತ್ತಾರೆ. ತಡವಾಗಿ ಬರುವವನು ಅವನು. ಈ ವರ್ಷ ಜೋಳದ ರಾಶಿ ಮುಗಿದ ಮೇಲೆ ತೀರಿಕೊಂಡ.

ಇಂಥ ಕಥೆಗಳ ಮೇಲೆ ನನಗೆ ಈಗ ಎಂಥ ಸಿಟ್ಟಿದೆ ಎಂದರೆ, ಚಹಾದ ಅಂಗಡಿಯಲ್ಲಿ ಪಕ್ಕದವನ ಮೊಬೈಲಿನಿಂದ ಆ ನಗೆ ಕೇಳಿದರೆ ಅರ್ಧ ಕಪ್ಪು ಬಿಟ್ಟು ಎದ್ದು ಬರುತ್ತೇನೆ. ನನ್ನ ವಯಸ್ಸಿನವರು ಅದನ್ನು ನೋಡಿ ಕಣ್ಣು ಒರೆಸಿಕೊಳ್ಳುತ್ತಾರೆ. "ಎಂಥಾ ದಿನಾ ಇದ್ವು, ಎಂಥಾ ದೋಸ್ತರಿದ್ವಿ" ಅನ್ನುತ್ತಾರೆ. ನಾವು ಹಾಗಿರಲಿಲ್ಲ. ನಾವು ಒಬ್ಬರ ರೊಟ್ಟಿಯ ಗಂಟು ಒಬ್ಬರು ಮೂಸಿ ನೋಡಿ ನಗುತ್ತಿದ್ದೆವು. ಯಾರ ಅಪ್ಪ ಏನು ಮಾಡುತ್ತಾನೆ ಅನ್ನುವುದು ನಮಗೆ ಸೂತ್ರಕ್ಕಿಂತ ಚೆನ್ನಾಗಿ ಬಾಯಿಪಾಠ ಇತ್ತು. ಧಾರಾವಾಹಿಯಲ್ಲಿ ಎಂಥ ಜಗಳವೂ ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ, ನಾಲ್ವರೂ ಸಾಲಿಯ ಗೋಡೆಯ ಮೇಲೆ ಕೂತು ಪೇರಲಹಣ್ಣು ತಿನ್ನುತ್ತಾರೆ. ಯಾರೂ ಯಾರ ಮುಂದೆಯೂ ತಪ್ಪು ಒಪ್ಪಿಕೊಳ್ಳಬೇಕಿಲ್ಲ, ಹಣ್ಣು ತಿಂದರೆ ಆಯಿತು. ಮುದುಕರಿಗೆ ಅದು ಯಾಕೆ ಅಷ್ಟು ರುಚಿಸುತ್ತದೆ ಅಂತ ನನಗೆ ಗೊತ್ತು. ಕೇಳದೆಯೇ ಕ್ಷಮೆ ಸಿಗುವ ಜಾಗ ಅದೊಂದೇ. ನನಗೂ ರುಚಿಸಿತ್ತು. ಏಳು ಕಂತು ನಾನೂ ಬಾಯಿ ಬಿಟ್ಟುಕೊಂಡು ನೋಡಿದ್ದೇನೆ.

ಅವನು ಸಂತಪುರದ ಆಚೆಯ ಹೊಲದಲ್ಲಿ ಕುರಿ ಸಾಕುವ ಮನೆಯವನು. ಔರಾದದಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ. ನಗುವಾಗ ಬಾಯಿಗೆ ಅಂಗೈ ಅಡ್ಡ ಹಿಡಿಯುತ್ತಿದ್ದ. ಚಿಕ್ಕಂದಿನಲ್ಲಿ ಟಗರು ಗುದ್ದಿ ಮುಂದಿನ ಹಲ್ಲು ಅರ್ಧ ಹೋಗಿತ್ತು. ಆ ಅಂಗೈ ಹಲ್ಲು ಮುಚ್ಚಲಿಕ್ಕೆ ಅಂತ ನಮಗೆಲ್ಲ ಗೊತ್ತಿತ್ತು, ಆದರೂ ನಗಿಸಿ ನಗಿಸಿ ಕೈ ತೆಗೆಯುವಂತೆ ಮಾಡುತ್ತಿದ್ದೆವು.

ಒಂದು ಸಲ ಅವನ ಜೊತೆ ಅವರ ಹೊಲಕ್ಕೆ ಹೋಗಿದ್ದೆ. ಸಂಜೆ ಕುರಿಗಳು ಹಟ್ಟಿಯೊಳಗೆ ನುಗ್ಗುತ್ತಿದ್ದವು. ಅವನು ಬಾಗಿಲಲ್ಲಿ ಸುಮ್ಮನೆ ನಿಂತಿದ್ದ.

"ಎಣಸಂಗಿಲ್ಲೇನೋ?" ಅಂದೆ.

"ಎಣಸಿದ್ರ ಲೆಕ್ಕ ತಪ್ತದಲೇ. ಯಾವ್ದ್ ಬಂದಿಲ್ಲ, ಅದು ತಾನೇ ಕಾಣ್ತದ."

ಹಾಗೆ ಅಂದವನು ಕೋಲು ತಗೊಂಡು ಹಳ್ಳದ ಕಡೆ ಹೋಗಿ ಒಂದು ಕುಂಟು ಮರಿಯನ್ನು ಹೆಗಲ ಮೇಲೆ ಹಾಕಿಕೊಂಡು ಬಂದ. ಗಣಿತವನ್ನೂ ಅವನು ಹೀಗೇ ಮಾಡುತ್ತಿದ್ದ. ನಾವು ಎರಡು ಪುಟ ಗೀಚುವಾಗ ಅವನು ಲೆಕ್ಕವನ್ನು ನೋಡುತ್ತ ಕೂತು, ಯಾವುದು ಬಂದಿಲ್ಲವೋ ಅದನ್ನು ಹಿಡಿದುಬಿಡುತ್ತಿದ್ದ. ಒಂಬತ್ತನೆಯ ತರಗತಿಯ ತನಕ ಸಾಲಿಗೆ ನಾನು ಮೊದಲಿದ್ದೆ. ಹತ್ತರಲ್ಲಿ ಅವನು ನನ್ನನ್ನು ಹಿಂದೆ ಹಾಕಿದ. ಗಣಿತದ ಮಾಸ್ತರರು ಎಲ್ಲರ ಮುಂದೆ, "ಈ ಸಲ ಫಸ್ಟ್ ಕ್ಲಾಸ್ ಅಂತ ಬಂದ್ರ ಇವಂದೇ" ಅಂತ ಅವನ ಬೆನ್ನು ತಟ್ಟಿದರು. ಮನೆಯಲ್ಲಿ ನನ್ನ ಅಪ್ಪ ಬೀಜ ಗೊಬ್ಬರದ ಅಂಗಡಿಯ ಗಾದಿಯ ಮೇಲೆ ಕೂತು, ಬಂದ ಗಿರಾಕಿಗಳಿಗೆ ಕೇಳಿಸುವ ಹಾಗೆ, "ಕುರಿ ಕಾಯಾವನ ಮಗ ಮುಂದ್ ಹೋಗ್ಯಾನ, ನಮ್ಮವ ಹಿಂದ್ ಬಾಲಾ ಹಿಡಕೊಂಡ್ ಹೊಂಟಾನ" ಅಂದ. ಇದನ್ನು ಮೊಮ್ಮಗಳಿಗೆ ನಾನು ಹೇಳಿರಲಿಲ್ಲ. ಅದರಲ್ಲಿ ಮಜಾ ಇರಲಿಲ್ಲ.

ಆಗ ನಮ್ಮ ಸಾಲಿಗೆ ಹತ್ತನೆಯ ಪರೀಕ್ಷೆಯ ಕೇಂದ್ರ ಭಾಲ್ಕಿಯಲ್ಲಿತ್ತು. ನಡುವೆ ಭಾನುವಾರ ಬಂದದ್ದರಿಂದ ಎಲ್ಲರೂ ಔರಾದಕ್ಕೆ ಬಂದಿದ್ದೆವು. ಸೋಮವಾರ ಗಣಿತ. ಮುಂಜಾನೆಯ ಮೊದಲ ಬಸ್ಸಿಗೆ ಹೋದರೆ ಮಾತ್ರ ಸಮಯಕ್ಕೆ ಮುಟ್ಟುವುದು.

ನಮ್ಮ ಕಡೆ ಬಸ್ಸಿನ ಸೀಟು ಹಿಡಿಯುವ ರೀತಿ ನೋಡಿದವರಿಗೆ ಗೊತ್ತು. ಬಾಗಿಲ ತನಕ ಹೋಗುವುದಲ್ಲ, ಕಿಟಕಿಯಿಂದ ಟವೆಲೋ ರುಮಾಲೋ ಒಳಗೆ ಎಸೆಯುವುದು. ಬಟ್ಟೆ ಬಿದ್ದ ಸೀಟು ನಿಮ್ಮದು, ಅದಕ್ಕೆ ಯಾರೂ ಎದುರಾಡುವುದಿಲ್ಲ. ಆಮೇಲೆ ಜಾತ್ರೆಯಂಥ ಮಂದಿಯಲ್ಲಿ ಬಸ್ಸಿನ ಬೋರ್ಡು ನೋಡುವವರು ಯಾರು, ತಮ್ಮ ಬಟ್ಟೆ ಎಲ್ಲಿದೆ ಅಂತ ನೋಡಿ ಹತ್ತುತ್ತಾರೆ. ಅವನ ಹತ್ತಿರ ಅವನ ಅಪ್ಪ ತಲೆಗೆ ಸುತ್ತುವ ಕೆಂಪು ರುಮಾಲು ಇತ್ತು, ಬಹಳ ಉದ್ದದ್ದು. ಅದನ್ನು ಬಿಚ್ಚಿ ಹಾಸಿದರೆ ನಮ್ಮ ನಾಲ್ವರ ಸೀಟೂ ಆಗುತ್ತಿತ್ತು. ಪ್ರತಿ ಸಲ ಅವನೇ ಎಲ್ಲರಿಗಿಂತ ಮೊದಲು ಬಂದು ನಮಗೆ ಸೀಟು ಹಿಡಿಯುತ್ತಿದ್ದ. ತಡವಾಗಿ ಬರುತ್ತಿದ್ದವರು ನಾವು ಮೂವರು.

ಆ ದಿನ ನಾನು ಮಾತ್ರ ಬೇಗ ಹೋದೆ. ನಿಲ್ದಾಣದಲ್ಲಿ ಎರಡು ಬಸ್ಸು ಒಂದರ ಪಕ್ಕ ಒಂದು ನಿಂತಿದ್ದವು. ಒಂದು ಭಾಲ್ಕಿಗೆ, ಇನ್ನೊಂದು ಮಹಾರಾಷ್ಟ್ರದ ಉದಗೀರಿಗೆ. ಭಾಲ್ಕಿ ಬಸ್ಸಿನಲ್ಲಿ ಅವನು ಆಗಲೇ ರುಮಾಲು ಹಾಸಿದ್ದ.

"ನಾಕೂ ಮಂದಿದು ಹಿಡದೀನಿ. ನೀ ಇಲ್ಲೇ ನಿಂದ್ರು, ನಾ ನೀರ್ ತರ್ತೇನಿ. ಬಿಸಲಾಗ ಗಂಟಲಾ ಒಣಗ್ತದ" ಅಂತ ಚರಿಗೆ ಹಿಡಿದುಕೊಂಡು ಹೋಟೆಲಿನ ನಳದ ಕಡೆ ಹೋದ.

ನಾನು ಕಿಟಕಿಯಿಂದ ಕೈ ಹಾಕಿ ರುಮಾಲು ಎಳೆದೆ. ಪಕ್ಕದ ಬಸ್ಸಿನ ಕಿಟಕಿಯಿಂದ ಒಳಗೆ ಹಾಕಿದೆ, ಕೆಂಪು ತುದಿ ಹೊರಗೆ ಕಾಣುವ ಹಾಗೆ. ನಮ್ಮ ಸೀಟಿನ ಮೇಲೆ ನನ್ನ ಚೀಲ ಇಟ್ಟೆ. ಇದು ತಮಾಷೆ, ಈಗ ಗೊತ್ತಾಗಿ ಇಳಿದು ಬೈದುಕೊಳ್ಳುತ್ತ ಬರುತ್ತಾನೆ ಅಂತ ನನಗೆ ನಾನೇ ಹೇಳಿಕೊಂಡೆ. ಹಾಗೆ ಹೇಳಿಕೊಂಡದ್ದು ನಿಜ. ಅದನ್ನು ನಂಬಿರಲಿಲ್ಲ ಅನ್ನುವುದೂ ನಿಜ.

ಎರಡೂ ಬಸ್ಸು ಒಟ್ಟಿಗೆ ಚಾಲೂ ಆದವು. ಅವನು ತುಂಬಿದ ಚರಿಗೆ ಚೆಲ್ಲದ ಹಾಗೆ ಅಂಗೈ ಮುಚ್ಚಿಕೊಂಡು ಓಡಿ ಬಂದ. ಕಿಟಕಿಯಲ್ಲಿ ಕೆಂಪು ಕಂಡಿತು, ಹತ್ತಿಬಿಟ್ಟ. ನಾನು ಎರಡು ಮಾರು ದೂರದಲ್ಲಿದ್ದೆ, ಹೆಸರು ಹಿಡಿದು ಕೂಗಿದ್ದರೆ ಕೇಳಿಸುತ್ತಿತ್ತು. ಉದಗೀರಿನ ಬಸ್ಸು ಮೊದಲು ಹೊರಟಿತು. ಅಷ್ಟರಲ್ಲಿ ಇನ್ನಿಬ್ಬರು ಓಡುತ್ತ ಬಂದು ಹತ್ತಿ, "ಅವ ಎಲ್ಲೋ?" ಅಂದರು.

"ಇನ್ನಾ ಎದ್ದಿಲ್ಲ ಕಾಣ್ತದ" ಅಂದೆ.

ಆ ಸಂಜೆ ಅವನು ಹಾಸ್ಟೆಲಿನ ಅಂಗಳದಲ್ಲಿ ಕೂತಿದ್ದ. ಅಂಗಾಲು ಬೊಬ್ಬೆ ಎದ್ದು ಒಡೆದಿದ್ದವು. ಬಸ್ಸಿನಲ್ಲಿ ನಮ್ಮ ಮೂವರ ಸೀಟಿಗಾಗಿ ಒಬ್ಬ ಮುದುಕಿಯ ಜೊತೆ ಜಗಳ ಆಡಿದನಂತೆ. "ಮಂದಿ ಅದಾರ, ಬರ್ತಾರ" ಅಂತ ಅವಳನ್ನು ನಿಲ್ಲಿಸಿಯೇ ಇಟ್ಟಿದ್ದನಂತೆ. ಆ ಗದ್ದಲದಲ್ಲಿ ಕಂಡಕ್ಟರನೂ ಅವನ ತನಕ ಬಂದಿರಲಿಲ್ಲವಂತೆ. ಆಮೇಲೆ ಸೂತ್ರ ನೋಡುತ್ತ ಕೂತವನು ತಲೆ ಎತ್ತಿದಾಗ ಅಂಗಡಿಗಳ ಹಲಗೆಯೆಲ್ಲ ಮರಾಠಿಯಲ್ಲಿದ್ದವು. ಇಳಿದು ಓಡಿದ, ನಡೆದ, ಮತ್ತೆ ಓಡಿದ. ಅವನು ಔರಾದ ಮುಟ್ಟುವ ಹೊತ್ತಿಗೆ ನಾವು ಭಾಲ್ಕಿಯಲ್ಲಿ ಉತ್ತರಪತ್ರಿಕೆ ಕೊಟ್ಟು ಹೊರಗೆ ಬಂದಿದ್ದೆವು.

ಇಷ್ಟೇ ಆಗಿದ್ದರೆ ಅಕ್ಟೋಬರಿನಲ್ಲಿ ಒಂದು ವಿಷಯ ಮತ್ತೆ ಬರೆದು ಮುಂದೆ ಹೋಗುತ್ತಿದ್ದ. ಅದಕ್ಕೆ ಹಾಸ್ಟೆಲಿನಲ್ಲಿ ಜಾಗ ಬೇಕಿತ್ತು. ಕಾರಣವಿಲ್ಲದೆ ಪರೀಕ್ಷೆ ತಪ್ಪಿಸಿದವರನ್ನು ವಾರ್ಡನ್ನರು ಇಟ್ಟುಕೊಳ್ಳುತ್ತಿರಲಿಲ್ಲ. ರುಮಾಲು ತಾನಾಗಿಯೇ ಬಸ್ಸು ಬದಲಿಸಿತು ಅನ್ನುವ ಮಾತನ್ನು ಅವರು ನಂಬಲಿಲ್ಲ. ಕ್ಲಾಸಿನ ಮಾನಿಟರ್ ನಾನು, ಅದಕ್ಕೆ ನನ್ನನ್ನು ಕೋಣೆಗೆ ಕರೆಸಿದರು.

"ಖರೇ ಹೇಳು. ಅವ ಆವತ್ತ್ ಟೈಮಿಗಿ ಬಂದಿದ್ನೇನು?"

"ಇಲ್ರಿ ಸರ್. ತಡಾ ಮಾಡಿ ಬಂದು ಸಿಕ್ಕ ಬಸ್ ಹತ್ಯಾನ್ರಿ. ಅವ ಯಾವಾಗ್ಲೂ ಹಂಗೇ ಮಾಡ್ತಾನ್ರಿ."

ಯಾವಾಗಲೂ ಅನ್ನುವ ಮಾತು ಕೇಳದೆಯೇ ಸೇರಿಸಿದೆ. ಆ ಒಂದು ಮಾತೇ ಐವತ್ತು ವರ್ಷ ಬೆಳೆದು ಇವತ್ತು ಧಾರಾವಾಹಿಯ ಪಾತ್ರವಾಗಿದೆ. ಭಾಲ್ಕಿಯವನೂ ಬೀದರದವನೂ ನಂಬಿದ್ದು ನನ್ನ ಮಾತನ್ನು. ಅವರು ಊರೂರಿಗೆ ಹೇಳಿದ್ದೂ ಅದನ್ನೇ. ಅವನ ಪೆಟ್ಟಿಗೆ ಹಾಸ್ಟೆಲಿನಿಂದ ಹೊರಗೆ ಬಂತು, ಅವನು ಕುರಿಯ ಹಿಂದೆ ಹೋದ. ಆ ವರ್ಷ ನಮ್ಮ ಸಾಲಿಗೆ ನಾನು ಮೊದಲು ಬಂದೆ. ಆ ಮೊದಲ ಸ್ಥಾನ ಇಟ್ಟುಕೊಂಡು ನಾನು ಮಾಡಿದ್ದೇನು? ಮುಂದಿನ ಓದಿಗೆ ಬೀದರಕ್ಕೆ ಹೋಗಿ, ಎರಡು ಸಲ ಫೇಲಾಗಿ, ಅಪ್ಪನ ಗಾದಿಯ ಮೇಲೆ ಬಂದು ಕೂತೆ.

ಅವನು ನನ್ನ ಗೆಳೆತನ ಬಿಡಲಿಲ್ಲ. ನನಗೆ ಸಿಟ್ಟು ಬರುವುದು ಅದಕ್ಕೇ. ಬೈದಿದ್ದರೆ, ಸಂತೆಯಲ್ಲಿ ನನ್ನ ಅಂಗಿ ಹಿಡಿದಿದ್ದರೆ ನಾನೂ ಮನುಷ್ಯನಾಗುತ್ತಿದ್ದೆನೋ ಏನೋ. ಅವನು ತೊಗರಿ ಬೀಜಕ್ಕೆ ನನ್ನ ಅಂಗಡಿಗೇ ಬರುತ್ತಿದ್ದ, ಷಟರ್ ಎತ್ತುವ ಮೊದಲೇ ಕಟ್ಟೆಯ ಮೇಲೆ ಕೂತಿರುತ್ತಿದ್ದ. ನನ್ನ ಮಗಳ ತೊಟ್ಟಿಲ ದಿನ ಮನೆಯವರಿಗಿಂತ ಮೊದಲು ಬಂದು, ತಾನೇ ನೇಯಿಸಿದ ಮೆತ್ತನೆಯ ಕಂಬಳಿಯನ್ನು ಮಗುವಿನ ಕೆಳಗೆ ಹಾಸಿದ. ಅವನ ಮನೆಗೆ ಹೋದರೆ ಅವನ ಹೆಂಡತಿ ನನ್ನನ್ನು ಅಣ್ಣಾರು ಅಂತ ಕರೆದು, ಕೆನೆ ಹಾಕಿ ಚಹಾ ಕೊಡುತ್ತಿದ್ದಳು. ಅವಳು ಹೆಚ್ಚು ಮಾತಿನವಳಲ್ಲ ಅಂತ ನಾನು ತಿಳಿದಿದ್ದೆ.

ಅವನಿಗೆ ಒಬ್ಬಳೇ ಮಗಳು. ಅವಳ ಪ್ರತಿ ಪರೀಕ್ಷೆಗೂ ಅವನು ಜೊತೆಗೆ ಹೋಗುತ್ತಿದ್ದ. ಒಂದು ತಾಸು ಮೊದಲೇ ಗೇಟಿನ ಮುಂದೆ ನಿಲ್ಲುತ್ತಿದ್ದ. ಅವಳು ಒಳಗೆ ಹೋದ ಮೇಲೂ ಬೇವಿನ ಗಿಡದ ಕೆಳಗೆ ಮೂರು ತಾಸು ಕೂತಿರುತ್ತಿದ್ದ. ಚಹಾಕ್ಕೂ ಏಳುತ್ತಿರಲಿಲ್ಲ. ಬಸ್ಸಿಗೆ ಹತ್ತುವ ಮೊದಲು ಡ್ರೈವರನನ್ನು, ಕಂಡಕ್ಟರನನ್ನು, ಸಾಲದ್ದಕ್ಕೆ ಸೀಟಿನಲ್ಲಿದ್ದವರನ್ನೂ, "ಇದು ಅಲ್ಲಿಗೇ ಹೋಗ್ತದಲ್ರಿ?" ಅಂತ ಕೇಳುತ್ತಿದ್ದ. ಮಂದಿ ನಗುತ್ತಿದ್ದರು. ಮಗಳು ಓದಿ ನರ್ಸಾದಳು, ಈಗ ಕಮಠಾಣದಲ್ಲಿದ್ದಾಳೆ.

ಧಾರಾವಾಹಿಯ ಎಂಟನೆಯ ಕಂತು ಬಂತು. ರುಮಾಲಿನದು. ಅದರಲ್ಲಿ ಹುಡುಗ ಮಲಗಿ ಎದ್ದು, ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಓಡಿ, ತಪ್ಪು ಬಸ್ಸಿಗೆ ರುಮಾಲು ಎಸೆಯುತ್ತಾನೆ. ಆಮೇಲೆ ಎತ್ತಿನ ಗಾಡಿ, ಟ್ರ್ಯಾಕ್ಟರು, ಮದುವೆಯ ದಿಬ್ಬಣ ಎಲ್ಲ ಹತ್ತಿ ಇಳಿದು, ಗಂಟೆ ಹೊಡೆಯುವಾಗ ಪರೀಕ್ಷೆಯ ಕೋಣೆಗೆ ಬಂದು ಬೀಳುತ್ತಾನೆ. ಎಲ್ಲಕ್ಕಿಂತ ಹೆಚ್ಚು ಜನ ನೋಡಿದ ಕಂತು ಅದೇ ಅಂತ ಮೊಮ್ಮಗಳು ಕುಣಿದಾಡಿದಳು. ಅದನ್ನು ನೋಡಿದ ದಿನವೇ ಅವನಿಗೆ ಹೇಳಿಬಿಡಬೇಕು ಅಂತ ಸಂತಪುರದ ಬಸ್ಸು ಹತ್ತಿದೆ.

ಅವನು ಹೊರಸಿನ ಮೇಲೆ ಕೂತಿದ್ದ, ರಜೆಗೆ ಬಂದ ಮಗಳು ಪಕ್ಕದಲ್ಲಿ ಮೊಬೈಲು ಹಿಡಿದಿದ್ದಳು. ಅವನು ಅದೇ ಕಂತು ನೋಡುತ್ತಿದ್ದ.

"ಬಾರೋ. ನಾ ಓಡೋದ್ ನೋಡಿದ್ಯಾ? ಏ ಬೇಟಿ, ಅದೊಂದ್ ಮತ್ತ ಹಚ್ಚವ್ವಾ."

ಹುಡುಗ ಓಡಿದ. ಇವನು ಬಾಯಿಗೆ ಅಂಗೈ ಹಿಡಿದು ನಕ್ಕ. ಮೂರು ಸಲ ಹಚ್ಚಿಸಿದ. ಮೂರನೆಯ ಸಲ ಹುಡುಗ ಕೋಣೆಯ ಹೊಸ್ತಿಲು ದಾಟುವಾಗ, "ಇದರಾಗ ನಾ ಮುಟ್ತೇನಿ ನೋಡು" ಅಂದ. ಮೆಲ್ಲಗೆ ಅಂದ, ಯಾರಿಗೂ ಹೇಳಿದ್ದಲ್ಲ ಅನ್ನುವ ಹಾಗೆ.

ಆಮೇಲೆ ನನ್ನ ಕಡೆ ತಿರುಗಿ, "ಖರೇನೇ ನಾ ಅಷ್ಟ್ ತಡಾ ಮಾಡ್ತಿದ್ನೇನೋ?" ಅಂತ ಕೇಳಿದ.

ಅವನ ಹೆಂಡತಿ ಚಹಾದ ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಯಾವ ಮಾತು ಹೇಳಲು ಹೋಗಿದ್ದೆನೋ ಆ ಮಾತಿಗೆ ಅವನೇ ಬಾಗಿಲು ತೆರೆದು ಹಿಡಿದಿದ್ದ. ನಾನು ನಕ್ಕು, "ಅದು ನಾಟಕ ಬಿಡೋ, ಮಂದಿಗಿ ನಗಸ್ಲಿಕ್ಕ ಮಾಡ್ಯಾರ" ಅಂದೆ. ಚಹಾ ಕುಡಿದು ವಾಪಸು ಬಂದೆ.

ನಾಲ್ಕು ತಿಂಗಳಿಗೆ ಅವನು ಹೋದ. ಮೂರನೆಯ ದಿನದ ಕಾರ್ಯಕ್ಕೆ ಭಾಲ್ಕಿಯವನು, ಬೀದರದವನು, ನಾನು ಸೇರಿ ಹೋದೆವು. ಅಂಗಳದಲ್ಲಿ ಬಂಧು ಬಳಗ, ಊರಿನವರು ಚಾಪೆಯ ಮೇಲೆ ಕೂತಿದ್ದರು. ಭಾಲ್ಕಿಯವನಿಗೆ ನಿಜವಾಗಿ ದುಃಖ ಇತ್ತು, ಅಳುತ್ತಿದ್ದ. ಅಳುತ್ತಲೇ, "ಎಲ್ಲಾದಕ್ಕೂ ತಡಾ ಮಾಡ್ದವ, ಇದಕ್ಕರೆ ತಡಾ ಮಾಡಬಾರದಿತ್ತೇನೋ ದೋಸ್ತ" ಅಂದ. ಅಂಗಳದ ಮಂದಿ ಮೆಲ್ಲಗೆ ನಕ್ಕರು. ಯಾರೋ ಹಿಂದಿನಿಂದ, "ಬರ್ಲತ್ತೀನ್ರಿ, ಐದೇ ಮಿನಿಟ್" ಅಂದರು. ಅದಕ್ಕೂ ನಕ್ಕರು. ಪ್ರೀತಿಯ ನಗೆಯೇ ಅದು. ಅದು ಪ್ರೀತಿಯದು ಅನ್ನುವುದನ್ನೇ ನನಗೆ ತಡೆಯಲಾಗಲಿಲ್ಲ.

ಮಗಳು ಗೋಡೆಗೆ ಒರಗಿ ಕೂತಿದ್ದವಳು ತಲೆ ಎತ್ತಿದಳು. "ನಮ್ಮಪ್ಪ ಯಾರಿಗೂ ಎಂದೂ ತಡಾ ಮಾಡಿಲ್ಲ. ಮಂದಿ ಈಗ ನಮ್ಮ ಮಕ್ಳಿಗಿ ಸಾಲ್ಯಾಗ ಐದ್ ಮಿನಿಟ್ ಅಂತ ಕರಿಲತ್ತಾರ. ಮಾವಾ, ನೀವ್ ಜೋಡಿ ಇದ್ದೋರು. ನೀವರೆ ಹೇಳ್ರಿ."

ನಾನು ಎದ್ದು ನಿಂತು ಹೇಳಿದೆ. ರುಮಾಲು ಎಳೆದದ್ದು ನಾನು, ಬೇರೆ ಬಸ್ಸಿಗೆ ಹಾಕಿದ್ದು ನಾನು, ವಾರ್ಡನ್ನರ ಮುಂದೆ ಸುಳ್ಳು ಹೇಳಿದ್ದು ನಾನು. ಅವನು ನನ್ನ ಮುಂದೆ ಹೋಗಬಾರದು ಅಂತ ಮಾಡಿದೆ. ಇಷ್ಟೇ ಮಾತಿನಲ್ಲಿ ಹೇಳಿದೆ.

ಬೀದರದವನು ನನ್ನ ಮೊಣಕಾಲು ತಟ್ಟಿ, "ಇದು ಇನ್ನೊಂದ್ ಎಪಿಸೋಡ್ ಆತು ನೋಡು" ಅಂದ. ಒಂದಿಬ್ಬರು ನಗಲಿಕ್ಕೆ ಬಾಯಿ ತೆರೆದು, ನನ್ನ ಮುಖ ನೋಡಿ ಮುಚ್ಚಿಕೊಂಡರು.

ಒಳಗಿನಿಂದ ಅವನ ಹೆಂಡತಿ ಹೊರಗೆ ಬಂದಳು. ಅಷ್ಟು ಮಂದಿಯ ಮುಂದೆ ಅವಳು ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

"ರುಮಾಲ್ ಯಾರ್ ಎಳದ್ರು ಅಂಬೋದ್ ಗೊತ್ತಿದ್ದಿಲ್ರಿ ನಮಗ. ವಾರ್ಡನ್ ಸಾಹೇಬ್ರ ಕೋಣಿದು ಗೊತ್ತಿತ್ತು. ನಮ್ಮ ಮನಿಯವರು ಬಾಗಲದ ಹೊರಗ ನಿಂತಿದ್ರು. ನಿಮ್ಮ ಮಾತ್ ಕೇಳ್ಯಾರ. ಲಗ್ನಾದ ವರ್ಷನೇ ನನಗ ಹೇಳ್ಯಾರ. ಯಾಕ ಅವನ ಜೋಡಿ ಮಾತಾಡ್ತೀರಿ ಅಂತ ನಾ ಜಗಳಾ ತೆಗಿತಿದ್ದೆ. ಅವನೇ ಒಂದಿನಾ ಹೇಳ್ತಾನ, ನಾ ಯಾಕ ಕೇಳ್ಲಿ ಅಂತಿದ್ರು. ಕಡಿಗಿ ಆ ಮೊಬೈಲ್ ನೋಡಿ ತಡಿಲಾರದೆ ಕೇಳೇ ಬಿಟ್ರು. ನಾ ಚಹಾ ಹಿಡಕೊಂಡ್ ನಿಂತಿದ್ದೆ. ನೀವ್ ನಕ್ಕ್ರಿ."

ಭಾಲ್ಕಿಯವನು ಎದ್ದು ಅಂಗಳದ ಆಚೆ ಹೋಗಿ ಬೆನ್ನು ತಿರುಗಿಸಿ ನಿಂತ. ಆವತ್ತಿನಿಂದ ಅವನು ನನ್ನ ಫೋನು ಎತ್ತಿಲ್ಲ.

ಮೊಮ್ಮಗಳಿಗೆ ಆಮೇಲೆ ಎಲ್ಲ ಹೇಳಿ, ಎಂಟನೆಯ ಕಂತು ತೆಗೆ ಅಂದೆ. ಅವಳು ಅತ್ತಳು. "ತೆಗಿತೇನಿ ಮುತ್ಯಾ. ಆದ್ರ ಮಂದಿ ಅದನ್ನ ಇಳಿಸಿ ಇಟ್ಕೊಂಡಾರ. ಎಷ್ಟ್ ಮೊಬೈಲಿನ್ಯಾಗ ಅದನೋ ಏನೋ" ಅಂದಳು. ತೆಗೆದಳು. ಆದರೂ ಕಳೆದ ವಾರ ಔರಾದದ ಸಂತೆಯಲ್ಲಿ ಆ ಹುಡುಗ ಯಾರದೋ ಕೈಯಲ್ಲಿ ಓಡುತ್ತಲೇ ಇದ್ದ.

ಮೂರನೆಯ ದಿನದ ಕಾರ್ಯ ಮುಗಿಸಿ ನಾವು ಹೊರಡುವಾಗ ಮಗಳು ರಸ್ತೆಯ ತನಕ ಬಂದಿದ್ದಳು. "ಬಾಯಿಲೆ ಹೇಳಿದ್ದು ಈ ಅಂಗಳಾ ದಾಟಂಗಿಲ್ಲ ಮಾವಾ. ಬರದ್ ಕೊಡ್ರಿ. ನಮ್ಮಪ್ಪ ಹ್ಯಾಂಗಿದ್ದ, ನೀವ್ ಏನ್ ಮಾಡಿದ್ರಿ, ಎರಡೂ ಬರೀರಿ. ನಮ್ಮ ಮಕ್ಳಿಗಿ ಓದಸ್ತೇನಿ. ಓದು ಬರೋರೆಲ್ಲ ಓದ್ಲಿ" ಅಂದಳು. ಅದಕ್ಕೇ ಇದನ್ನು ಬರೆದೆ. ಪತ್ರಿಕೆಗೆ ಒಂದು ಪ್ರತಿ, ಅವಳಿಗೆ ಒಂದು ಪ್ರತಿ.

ಅವನ ಹೆಂಡತಿ ಅವಳ ಹಿಂದೆ ಬಂದು ನಿಂತಿದ್ದಳು. ನಾನು ಅವಳ ಮುಖ ನೋಡಲಾರದೆ ನೆಲ ನೋಡಿಕೊಂಡು, "ಆತು ತಂಗಿ, ಬರದದ್ದು ನಾನೇ ಮನಿಗಿ ತಂದ್ ಕೊಡ್ತೇನಿ" ಅಂದೆ.

"ಬ್ಯಾಡ್ರಿ ಅಣ್ಣಾರ" ಅಂದಳು. "ಟಪಾಲಿಗಿ ಹಾಕ್ರಿ."